ಗುಳೇದಗುಡ್ಡದ ಬಾಸೆಲ್ ಮಿಶನ್ ಸಭೆ: ಕಾಲಜ್ಞಾನದಿಂದ ಹಿರಿಯರ ಮಂಡಳಿಯವರೆಗೆ

ಬಾದಾಮಿ, ಮಹಾಕೂಟ, ಪಟ್ಟದಕಲ್ಲುಗಳ ಪರಿಸರವು ಚಾಲುಕ್ಯರ ಶಿಲ್ಪಕಲೆಗೆ ಹೆಸರಾದುದು. ಆದರೆ ಈ ಪ್ರದೇಶದ ಧಾರ್ಮಿಕ ಚರಿತ್ರೆ ಶಿಲಾಶಾಸನಗಳೊಂದಿಗೆ ಮುಗಿಯುವುದಿಲ್ಲ. ಖಣದ ನೇಯ್ಗೆಗೆ ಪ್ರಸಿದ್ಧವಾದ ಗುಳೇದಗುಡ್ಡದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವೆ ರೂಪುಗೊಂಡ ಪ್ರಾಟೆಸ್ಟೆಂಟ್ ಕ್ರೈಸ್ತ ಸಭೆಯೂ ಆ ಚರಿತ್ರೆಯ ಒಂದು ಅಧ್ಯಾಯವೇ ಆಗಿದೆ.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. ಘಟ್ಟವನ್ನೇರಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, 1885ರಲ್ಲಿ ವಿಜಾಪುರ ಹೀಗೆ ಅದರ ಕೇಂದ್ರಗಳು ಬೆಳೆದವು. ಬೆಟಗೇರಿಯೂ ಗುಳೇದಗುಡ್ಡವೂ ನೇಕಾರರ ಊರುಗಳೆಂಬುದು ಇಲ್ಲಿ ಗಮನಾರ್ಹ.

ಈ ವಿಸ್ತರಣೆಯ ಹಿಂದೆ ಜಾನಪದ ಅಧ್ಯಯನಕ್ಕೆ ಮಹತ್ವದ ಒಂದು ಸಂಗತಿಯಿದೆ. ಉತ್ತರ ಕರ್ನಾಟಕದಲ್ಲಿ ಕಾಲಜ್ಞಾನ ವಚನಗಳನ್ನು ನಂಬಿ ನಡೆಯುವ ಜನವರ್ಗಗಳಿದ್ದವು. ಮುಂದೆ ಬರಲಿರುವ ಸತ್ಯಯುಗವನ್ನು ಕುರಿತ ಅವರ ನುಡಿಗಳಲ್ಲಿ ಪರದೇಶದಿಂದ ಬರುವ ಬೋಧಕರ ಸೂಚನೆಯನ್ನು ಕೆಲವರು ಕಂಡರು. ಹುಬ್ಬಳ್ಳಿಯ ಪಾದ್ರಿಗಳನ್ನು ಅರಸಿ ಬಂದರು. ಸಾಮೂಹಿಕ ಮತಾಂತರವಾದೀತೆಂಬ ನಿರೀಕ್ಷೆಯಿಂದ ಮಿಶನ್ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ಕೃಷಿ ವಸಾಹತನ್ನೂ ಆರಂಭಿಸಿತು. ಆದರೆ ನಿರೀಕ್ಷಿಸಿದಂತೆ ಜನ ಬರಲಿಲ್ಲ. ಎರಡೂ ಕಡೆಯವರು ಒಂದೇ ಮಾತನ್ನು ಆಡುತ್ತಿದ್ದರೂ ಅವರ ಅರ್ಥಗಳು ಬೇರೆಯಾಗಿದ್ದವು. ಕಾಲಜ್ಞಾನಿಗಳಿಗೆ ಪಾದ್ರಿಯು ತಮ್ಮ ಪರಂಪರೆ ನುಡಿದ ಭವಿಷ್ಯದ ಸಾಕ್ಷಿ. ಪಾದ್ರಿಗೆ ಆ ಪರಂಪರೆಯೇ ಬಿಟ್ಟುಬರಬೇಕಾದುದು.

ದೀಕ್ಷಾಸ್ನಾನ ಪಡೆದವನಿಗೆ ಜಾತಿ, ಮನೆತನ, ಮಗ್ಗದ ವ್ಯವಹಾರಗಳ ನಂಟು ಕಡಿದುಹೋಗುವ ಭಯವಿತ್ತು. ನೂಲು ತರುವುದು, ಬಣ್ಣ ಹಾಕಿಸುವುದು, ಬಟ್ಟೆ ಮಾರುವುದು ಎಲ್ಲವೂ ಕುಲಸಂಬಂಧಗಳ ಮೇಲೆ ನಿಂತ ವೃತ್ತಿಯಲ್ಲಿ ಬಹಿಷ್ಕಾರವೆಂದರೆ ಅನ್ನದ ಪ್ರಶ್ನೆಯೇ. ಆದ್ದರಿಂದ ಸಭೆಯು ಆರಾಧನೆಯ ಕೂಟವಾಗಿದ್ದಷ್ಟೇ ಅಲ್ಲ, ಕಳೆದುಕೊಂಡ ಬಂಧುವರ್ಗದ ಸ್ಥಾನವನ್ನೂ ತುಂಬಬೇಕಾಯಿತು. 1876ರಿಂದ 1878ರವರೆಗಿನ ಭೀಕರ ಬರಗಾಲವು ಅಂದಿನ ಕಲಾದಗಿ ಜಿಲ್ಲೆಯನ್ನು ಕಂಗೆಡಿಸಿದಾಗ ಇಂಥ ಆಸರೆಯ ಅಗತ್ಯ ಇನ್ನಷ್ಟು ಹೆಚ್ಚಿತು.

ಸಭೆಯ ಆಡಳಿತದಲ್ಲಿ ಪ್ರೆಸ್ಬಿಟೇರಿಯನ್ ಪದ್ಧತಿಯ ಲಕ್ಷಣಗಳಿದ್ದವು. 'ಪ್ರೆಸ್ಬಿಟರ್' ಎಂಬ ಗ್ರೀಕ್ ಮೂಲದ ಪದಕ್ಕೆ ಹಿರಿಯ ಎಂದೇ ಅರ್ಥ. ಸಭಾಪಾಲಕನೊಂದಿಗೆ ಸಭೆಯ ಹಿರಿಯರು ಕುಳಿತು ಶಿಸ್ತು, ವ್ಯಾಜ್ಯ, ಬಡವರ ಸಹಾಯಗಳನ್ನು ವಿಚಾರಿಸುತ್ತಿದ್ದರು. ಊರ ದೈವದ ಮುಂದೆ ನ್ಯಾಯ ಹೇಳುವ ಹಿರಿಯರನ್ನು ಬಲ್ಲ ಜನರಿಗೆ ಈ ವ್ಯವಸ್ಥೆ ಅಪರಿಚಿತವೆನಿಸಲಿಲ್ಲವೆಂದು ಊಹಿಸಬಹುದು. ಆದರೂ ಅಂತಿಮ ಅಧಿಕಾರ ಬಹುಕಾಲ ಮಿಶನರಿಗಳಲ್ಲಿಯೇ ಉಳಿದಿತ್ತು.

ಕಟ್ಟಡಗಳೂ ಈ ಚರಿತ್ರೆಯನ್ನೇ ಹೇಳುತ್ತವೆ. ಮಿಶನ್ನಿನ ಸಣ್ಣ ಠಾಣ್ಯಗಳಲ್ಲಿ ವಾರವೆಲ್ಲ ಶಾಲೆಯಾಗಿದ್ದ ಕೋಣೆಯೇ ರವಿವಾರ ದೇವಾಲಯವಾಗುತ್ತಿತ್ತು. ಸಭೆ ಬೆಳೆದಂತೆ ಪ್ರತ್ಯೇಕ ದೇವಾಲಯ, ಪಾದ್ರಿಯ ಬಂಗಲೆ, ಶಾಲೆ, ಸಮಾಧಿಭೂಮಿಗಳು ಸೇರಿ ಮಿಶನ್ ಆವರಣವಾಯಿತು. ಬಾಸೆಲ್ ದೇವಾಲಯಗಳ ಒಳಗೆ ಮೂರ್ತಿಗಳಿಲ್ಲ. ಉಪದೇಶ ಪೀಠ, ಪ್ರಭುಭೋಜನದ ಮೇಜು ಇವೇ ಕೇಂದ್ರ. ನೋಡುವುದಕ್ಕಿಂತ ಕೇಳುವುದಕ್ಕೆ ಮೀಸಲಾದ ಈ ವಾಸ್ತು, ಶಿಲ್ಪಸಮೃದ್ಧವಾದ ಮಹಾಕೂಟದ ನಾಡಿನಲ್ಲಿ ಎದ್ದು ಕಾಣುವಂಥದು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದ ಮೇಲೆ ಜರ್ಮನ್ ಮಿಶನರಿಗಳು ಬಂಧನಕ್ಕೂ ಗಡೀಪಾರಿಗೂ ಒಳಗಾದರು. ಹೊರಗಿನ ಆಸರೆ ತಪ್ಪಿದಾಗ ಸಭೆಗಳನ್ನು ಉಳಿಸಿದವರು ಸ್ಥಳೀಯ ಸಭಾಪಾಲಕರು, ಉಪದೇಶಿಗಳು, ಹಿರಿಯರು. 1947ರಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪಿತವಾಯಿತು. ಉತ್ತರ ಕರ್ನಾಟಕದ ಬಾಸೆಲ್ ಪರಂಪರೆ ಮುಂದೆ ಅದರ ಭಾಗವಾಗಿ, ಬಿಷಪ್ಪರ ಮೇಲ್ವಿಚಾರಣೆಯೊಂದಿಗೆ ಹಿರಿಯರ ಮಂಡಳಿಯನ್ನೂ ಉಳಿಸಿಕೊಂಡಿತು.

ಮಿಶನ್ನಿನ ವರದಿಗಳು ಮಿಶನರಿಗಳ ದೃಷ್ಟಿಯಿಂದ ಬರೆಯಲ್ಪಟ್ಟವು. ಮಗ್ಗ ಬಿಟ್ಟು ಬಂದವರ ನೆನಪು, ಹಾಡಿಕೆ, ಮನೆತನದ ಕಥನಗಳು ಮೌಖಿಕ ಪರಂಪರೆಯಲ್ಲಿವೆ. ಅವು ಹಿರಿಯ ತಲೆಮಾರಿನೊಂದಿಗೆ ಮರೆಯಾಗುವ ಮುನ್ನ ಸಂಗ್ರಹಿಸುವುದು ಜಾನಪದ ವಿದ್ವಾಂಸರ ಮುಂದಿರುವ ತುರ್ತು ಕಾರ್ಯವಾಗಿದೆ.