ಕೀಮೋ ಮುಗಿದ ಮೇಲೂ ರಕ್ತಪರೀಕ್ಷೆ ಏಕೆ?

ದೊಡ್ಡ ಕರುಳಿನ ಕ್ಯಾನ್ಸರಿಗೆ ನಮ್ಮ ಟ್ರಸ್ಟಿನ ನೆರವು ಪಡೆದ ಕೆಲವು ಕುಟುಂಬಗಳು ಆಪರೇಷನ್, ಕೀಮೋಥೆರಪಿ ಮುಗಿದ ಕೂಡಲೇ ತಪಾಸಣೆ ನಿಲ್ಲಿಸಿ, ಆ ಹಣವನ್ನು ಮಕ್ಕಳ ಫೀಸಿಗೆ ಎತ್ತಿಡುತ್ತವೆ. ಅವರ ಕಷ್ಟ ನಮಗೆ ಗೊತ್ತು. ಆದರೆ ಸ್ಕ್ಯಾನಿಗೂ ಕಾಣದಷ್ಟು ಸಣ್ಣ ಪ್ರಮಾಣದ ಕ್ಯಾನ್ಸರ್ ಜೀವಕೋಶಗಳು ದೇಹದಲ್ಲಿ ಉಳಿದಿರಬಹುದು. ರೋಗ ಮರುಕಳಿಸುವುದಾದರೆ ಹೆಚ್ಚಾಗಿ ಮೊದಲ 3 ವರ್ಷಗಳಲ್ಲೇ ಮರುಕಳಿಸುತ್ತದೆ. ಬೇಗ ತಿಳಿದರೆ ಕೆಲವರಿಗೆ ಮತ್ತೆ ಆಪರೇಷನ್ ಮಾಡಿ ಗುಣಪಡಿಸುವ ಅವಕಾಶವಿದೆ.

ಇದರ ಸುಳಿವು ಕೊಡುವ ಹಳೆಯ ಗುರುತು, 1965ರಲ್ಲಿ ಕೆನಡಾದಲ್ಲಿ ಪತ್ತೆಯಾದ ಸಿಇಎ ಎಂಬ ಪ್ರೋಟೀನು. ರಕ್ತದಲ್ಲಿ ಇದರ ಮಟ್ಟವನ್ನು ಮೊದಲ 2 ವರ್ಷ 3ರಿಂದ 6 ತಿಂಗಳಿಗೊಮ್ಮೆ, ಆಮೇಲೆ 5 ವರ್ಷ ತುಂಬುವವರೆಗೆ 6 ತಿಂಗಳಿಗೊಮ್ಮೆ ನೋಡುವುದು ರೂಢಿ. ಬೀಡಿ, ಸಿಗರೇಟು ಸೇದುವವರಲ್ಲೂ ಇದು ಹೆಚ್ಚಿರಬಹುದು. ಕೆಲವರಲ್ಲಿ ರೋಗ ಮರಳಿದರೂ ಏರದು. ಆದ್ದರಿಂದ ಒಂದೇ ವರದಿ ನೋಡಿ ಹೆದರುವುದೂ ಬೇಡ, ವೈದ್ಯರು ಹೇಳಿದ ಸ್ಕ್ಯಾನ್, ಕೊಲೊನೋಸ್ಕೋಪಿ ಬಿಡುವುದೂ ಬೇಡ.

ಹೊಸ ಪರೀಕ್ಷೆಯೊಂದು ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎ ತುಣುಕುಗಳನ್ನು ಹುಡುಕುತ್ತದೆ. ಕೀಮೋ ನಂತರವೂ ಇವು ಕಂಡರೆ ಮರುಕಳಿಕೆಯ ಅಪಾಯ ಬಹಳ ಹೆಚ್ಚು. ಎರಡನೇ ಹಂತದ 455 ರೋಗಿಗಳ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾಡಿಕೆಯ ಕ್ರಮದಲ್ಲಿ ಶೇ. 28 ಮಂದಿಗೆ ಕೀಮೋ ಕೊಟ್ಟರೆ, ಆಪರೇಷನ್ ನಂತರ ಈ ಪರೀಕ್ಷೆ ನೋಡಿ ನಿರ್ಧರಿಸಿದಾಗ ಶೇ. 15 ಮಂದಿಗೆ ಸಾಕಾಯಿತು, ಮರುಕಳಿಕೆ ಹೆಚ್ಚಲಿಲ್ಲ. ಆದರೆ ಇದು ಇನ್ನೂ ದುಬಾರಿ. ಸಿಇಎ ಪರೀಕ್ಷೆ ಹಾಗಲ್ಲ, ಸಾಮಾನ್ಯ ಲ್ಯಾಬ್‌ಗಳಲ್ಲೂ ಆಗುತ್ತದೆ.

ವಿದ್ಯಾರ್ಥಿವೇತನದ ಅರ್ಜಿಯೊಂದಿಗೆ ವೈದ್ಯರ ಚೀಟಿ ಲಗತ್ತಿಸಿದರೆ, ಅರ್ಹ ಕುಟುಂಬಗಳ ತಪಾಸಣೆಯ ಖರ್ಚನ್ನೂ ಜಕಾತ್ ನಿಧಿಯಿಂದ ಪರಿಗಣಿಸುತ್ತೇವೆ. ದಾನಿಗಳ ಸಹಕಾರವಿದ್ದರೆ, ಮಗಳ ಫೀಸೋ ತಂದೆಯ ಪರೀಕ್ಷೆಯೋ ಎಂಬ ಇಕ್ಕಟ್ಟು ಯಾವ ಮನೆಗೂ ಬಾರದು, ಇನ್‌ಶಾ ಅಲ್ಲಾಹ್.