ವಿಶ್ರಾಂತಿಯೂ ಒಂದು ಪಥ್ಯ

ಕಳೆದ ಕಾರ್ತಿಕ ಮಾಸದಲ್ಲಿ ಬ್ಯಾಡಗಿಯ ಕಡೆಯ ಮೆಣಸಿನಕಾಯಿ ವರ್ತಕರೊಬ್ಬರು ಚಿಕಿತ್ಸೆಗಾಗಿ ನನ್ನಲ್ಲಿಗೆ ಬಂದಿದ್ದರು. ವಯಸ್ಸು ಅರವತ್ತೆರಡು, ಶ್ರೀಮಠದ ಹಳೆಯ ಭಕ್ತರು. ಹತ್ತು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತಿದ್ದಾರೆ. ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ರೆ ಹತ್ತದು, ಊಟ ರುಚಿಸದು, ಸಣ್ಣ ಮಾತಿಗೂ ಸಿಟ್ಟು. ನಾಡಿಯನ್ನೂ ವರದಿಗಳನ್ನೂ ನೋಡಿದ ಬಳಿಕ, “ಮೂರು ವಾರ ಅಂಗಡಿಯಿಂದ ದೂರವಿರಿ” ಎಂದೆ.

“ಕೈ ಕಟ್ಟಿ ಕುಂತ್ರ ಮೈಗೆ ಜಡ್ಡ ಹಿಡೀತೈತ್ರಿ, ಡಾಕ್ಟ್ರ. ನಾವು ಕಾಯಕ ನಂಬಿದವ್ರು” ಎಂದರು.

ಅವರು ಪ್ರವಾಸ ಮಾಡದವರೇನಲ್ಲ. ಹಿಂದಿನ ವರ್ಷ ಕುಟುಂಬದೊಡನೆ ಕರಾವಳಿಗೆ ಹೋಗಿದ್ದರು. ಎರಡೇ ದಿನಗಳಲ್ಲಿ ಕೊಲ್ಲೂರು, ಕೊಡಚಾದ್ರಿ, ಒತ್ತಿನೆಣೆ, ಮರವಂತೆ, ಆನೆಗುಡ್ಡೆ, ಬಾರ್ಕೂರು ಎಲ್ಲವನ್ನೂ ನೋಡಿ ಮುಗಿಸಿದ್ದರು. ಮರಳಿದ್ದು ಮಂಡಿನೋವು ಮತ್ತು ಅಜೀರ್ಣದೊಡನೆ. ಅದೇ ಸೀಮೆಗೆ ಮತ್ತೊಮ್ಮೆ ಹೋಗಿ, ಆದರೆ ಒಂದೇ ಮನೆಯಲ್ಲಿ ನೆಲೆಸಿ ಎಂದು ನಾನು ಸೂಚಿಸಿದೆ. ಹೀಗೆ ಸೂಚಿಸಲು ಶಾಸ್ತ್ರದ ಆಧಾರವಿದೆ.

ಆಯುರ್ವೇದವು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ನಮ್ಮ ಬಯಲುಸೀಮೆ ಒಣಹವೆಯ ಜಾಂಗಲ ದೇಶ. ಇಲ್ಲಿ ವಾತ, ಪಿತ್ತಗಳು ಬೇಗ ಕೆರಳುತ್ತವೆ. ಬ್ರಹ್ಮಾವರದಿಂದ ಬೈಂದೂರಿನವರೆಗಿನ ಸುಮಾರು 55 ಕಿ.ಮೀ. ಕರಾವಳಿಯು ಜಲಸಮೃದ್ಧವಾದ ಆನೂಪ ದೇಶ. ಅಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಸುರಿಯುತ್ತದೆ, ಗದಗದಂತಹ ಊರಿನಲ್ಲಿ ಅದರ ಐದನೆಯ ಒಂದು ಪಾಲೂ ಬೀಳದು. ಆ ತಂಪು, ಆ ಹಸಿರು ಒಣಗಿದ ದೇಹಕ್ಕೆ ಹಿತವೇ ಸರಿ. ಆದರೆ ನೀರು, ಅನ್ನ, ಗಾಳಿ, ನಿದ್ರೆ ಒಮ್ಮೆಗೇ ಬದಲಾದರೆ ಜಠರಾಗ್ನಿ ತಬ್ಬಿಬ್ಬಾಗುತ್ತದೆ. ಹಳೆಯ ಅಭ್ಯಾಸವನ್ನು ಕಾಲುಕಾಲು ಭಾಗವಾಗಿ ಬಿಡುತ್ತ ಹೊಸದನ್ನು ಹಾಗೆಯೇ ರೂಢಿಸಿಕೊಳ್ಳಬೇಕೆಂದು ಚರಕಾಚಾರ್ಯರು ವಿಧಿಸುತ್ತಾರೆ. ಋತು ಬದಲಾಗುವಾಗ ಹಿಂದಿನ ಏಳು ದಿನ, ಮುಂದಿನ ಏಳು ದಿನಗಳನ್ನು ಸಂಧಿಕಾಲವೆಂದು ವಾಗ್ಭಟಾಚಾರ್ಯರು ಗುರುತಿಸಿದ್ದಾರೆ. ಊರು ಬದಲಾದಾಗಲೂ ದೇಹಕ್ಕೆ ಅಂಥದೇ ಅವಕಾಶ ಬೇಕೆಂಬುದು ನನ್ನ ಅನುಭವ. ಎರಡು ದಿನದ ಪ್ರವಾಸದಲ್ಲಿ ಹೊಂದಿಕೆಯ ಶ್ರಮವಷ್ಟೇ ನಮ್ಮ ಪಾಲಿಗೆ. ಅದರ ಫಲ ದೊರೆಯುವ ಮೊದಲೇ ಮರಳಿರುತ್ತೇವೆ.

ಮಾರ್ಗಶಿರದಲ್ಲಿ, ಹೊಸ ಮೆಣಸಿನಕಾಯಿಯ ಆವಕ ಹೆಚ್ಚುವ ಮುನ್ನ, ಆ ವರ್ತಕರು ಪತ್ನಿಯೊಡನೆ ಬಾರ್ಕೂರಿನ ಸಮೀಪ ಸೀತಾನದಿಯ ದಂಡೆಯ ಒಂದು ಕೃಷಿಕರ ಮನೆಯಲ್ಲಿ ತಂಗಿದರು. ಹೇಮಂತ ಋತುವಿನಲ್ಲಿ ಅಗ್ನಿ ಬಲವಾಗಿರುವುದರಿಂದ ಪರಸ್ಥಳದ ವಾಸಕ್ಕೆ ಅದು ಒಳ್ಳೆಯ ಕಾಲ. ಮಳೆಗಾಲದಲ್ಲಿ ಅಗ್ನಿ ಮಂದವಾಗಿರುತ್ತದೆ. ಜೋಳದ ಹಿಟ್ಟನ್ನು ಜೊತೆಗೆ ಒಯ್ಯಲು ಹೇಳಿದ್ದೆ. ಮೊದಲ ವಾರ ಒಂದು ಹೊತ್ತು ರೊಟ್ಟಿ, ಒಂದು ಹೊತ್ತು ಕುಚ್ಚಲಕ್ಕಿ ಗಂಜಿ. ಆಮೇಲೆ ಒಂದೆಲಗದ ತಂಬುಳಿ, ಬಸಳೆ ಸಾರು, ಹಿತಮಿತವಾಗಿ ತೆಂಗಿನಕಾಯಿಯ ಅಡುಗೆ. ಕುಡಿಯಲು ಶುಂಠಿ ಹಾಕಿ ಕಾಯಿಸಿದ ನೀರು.

ನಾಲ್ಕನೆಯ ದಿನವೇ ಅವರ ಕರೆ ಬಂತು: ಹೊಟ್ಟೆ ಭಾರವಾಗಿದೆ, ಹೊತ್ತು ಹೋಗದು, ನಾಳೆಯೇ ಹೊರಡುತ್ತೇನೆ ಎಂದರು. ಅವರನ್ನು ತಡೆದದ್ದು ನನ್ನ ಮಾತಲ್ಲ. ಚೀಲ ಕಟ್ಟುತ್ತಿದ್ದುದನ್ನು ಕಂಡ ಆ ಮನೆಯ ಹಿರಿಯಮ್ಮ, “ಎಂತಕೆ ಗಡಿಬಿಡಿ? ಉಂಡ್ಕಂಡ್ ಹೋಯ್ಲಕ್” ಎಂದರಂತೆ. ಉಂಡರು; ಹೊರಡಲಿಲ್ಲ.

ಎರಡನೆಯ ವಾರದಿಂದ ದಿನಗಳು ತಾವಾಗಿ ಕ್ರಮಗೊಂಡವು. ಬೆಳಿಗ್ಗೆ ಎಳ್ಳೆಣ್ಣೆಯ ಅಭ್ಯಂಗ, ಬಚ್ಚಲುಮನೆಯ ಹಂಡೆಯ ಬಿಸಿನೀರಿನ ಸ್ನಾನ, ಬಳಿಕ ಅವಸರವಿಲ್ಲದ ಇಷ್ಟಲಿಂಗ ಪೂಜೆ. ಹತ್ತು ನಿಮಿಷದಲ್ಲಿ ಮುಗಿಯುತ್ತಿದ್ದ ಪೂಜೆಗೆ ಮುಕ್ಕಾಲು ಗಂಟೆ ದೊರೆಯಿತು. ಸಂಜೆ ಗದ್ದೆಯ ಅಂಚಿನಲ್ಲಿ ನಡಿಗೆ. ಭತ್ತ ಕೊಯ್ದ ಗದ್ದೆಗೆ ಉದ್ದು ಬಿತ್ತುವುದನ್ನು ನೋಡುತ್ತ ನಿಲ್ಲುವುದು. ವಾರಕ್ಕೊಮ್ಮೆ ಮಾತ್ರ ಪ್ರಯಾಣ. ಒಂದು ವಾರ ಕೊಲ್ಲೂರು. ಮತ್ತೊಂದು ವಾರ, ಕೆಳದಿಯ ಅರಸರ ಕಾಲದಲ್ಲಿ ಬಂದರಾಗಿದ್ದ ಬಸರೂರು. ಒಂದು ರಾತ್ರಿ ಯಕ್ಷಗಾನ ನೋಡಿ ತಡವಾಗಿ ಮಲಗಿದರು. ಹಾಗೆ ನಿದ್ರೆಗೆಟ್ಟಾಗ, ಎಷ್ಟು ಹೊತ್ತು ಎಚ್ಚರವಿದ್ದೆವೋ ಅದರ ಅರ್ಧದಷ್ಟು ಹೊತ್ತು ಮರುದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಲಗಬೇಕೆಂಬುದು ವಾಗ್ಭಟರ ಉಪದೇಶ. ಉಂಡ ಮೇಲಿನ ಹಗಲು ನಿದ್ರೆ ಮಾತ್ರ ಕಫವನ್ನು ಹೆಚ್ಚಿಸುತ್ತದೆ. ಆನೂಪ ದೇಶದಲ್ಲಂತೂ ಅದು ವರ್ಜ್ಯ.

ಇಪ್ಪತ್ತೊಂದು ದಿನಗಳ ಬಳಿಕ ಅವರನ್ನು ಮತ್ತೆ ಪರೀಕ್ಷಿಸಿದೆ. ರಕ್ತದೊತ್ತಡದ ಮಾತ್ರೆ ನಿಂತಿಲ್ಲ, ನಿಲ್ಲಿಸಲೂ ಬಾರದು. ಆದರೆ ಬೆಳಗಿನ ಐದರವರೆಗೆ ನಿದ್ರೆ ಬರುತ್ತಿದೆ. ಹಸಿವು ಹೊತ್ತಿಗೆ ಸರಿಯಾಗಿ ಆಗುತ್ತಿದೆ. ಇದಕ್ಕಿಂತ ದೊಡ್ಡದೊಂದು ಸಂಗತಿಯನ್ನು ಅವರು ಸಂಕೋಚದಿಂದ ಹೇಳಿದರು: “ಮಗ ಅಂಗಡಿ ಚಲೋ ನಡಸ್ಯಾನ್ರಿ. ನಾನ ಬಿಟ್ಟುಕೊಟ್ಟಿರಲಿಲ್ಲ.” ಅವರ ಮೂರು ಗಂಟೆಯ ಎಚ್ಚರಕ್ಕೆ ಕಾರಣವೇನೆಂದು ನನಗೆ ಆಗ ತಿಳಿಯಿತು.

ಕಾಯಕನಿಷ್ಠರಿಗೆ ವಿಶ್ರಾಂತಿ ಅಪರಾಧವೆನಿಸುವುದು ಸಹಜ. ಆದರೆ ಶರಣರು ಕಾಯವನ್ನು ಕಡೆಗಣಿಸಿದವರಲ್ಲ. ಕಾಯ ಕುಸಿದರೆ ಕಾಯಕ ಎಲ್ಲಿಯದು? ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಗಂಗೊಳ್ಳಿಯ ದೋಣಿಗಳು ದಡ ಸೇರುತ್ತವೆ. ಕಡಲಿಗೂ ಬಿಡುವು ಕೊಡುವ ನಾವು ನಮ್ಮ ದೇಹಕ್ಕೆ ಕೊಡುವುದಿಲ್ಲ.

ಹೊರಡುವ ಭಕ್ತರಿಗೆ ಕೆಲವು ಎಚ್ಚರಿಕೆಗಳು. ಮಧುಮೇಹ, ಹೃದ್ರೋಗ, ರಕ್ತದೊತ್ತಡಗಳ ಔಷಧವನ್ನು ಪೂರ್ಣಾವಧಿಗೆ ಸಾಲುವಷ್ಟು ಒಯ್ಯಿರಿ. ಆಹಾರ ಬದಲಿಸುವ ಮೊದಲು ನಿಮ್ಮ ವೈದ್ಯರ ಸಲಹೆ ಪಡೆಯಿರಿ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ದೃಶ್ಯ ರಮ್ಯ, ಆದರೆ ಅಲೆಗಳ ಸೆಳೆತ ಬಲವಾದುದು. ದಡದಲ್ಲಿ ಕುಳಿತು ನೋಡಿ, ನೀರಿಗಿಳಿಯಬೇಡಿ. ಮೂರು ವಾರ ಸಾಧ್ಯವಾಗದವರು ಹತ್ತು ದಿನವಾದರೂ ಒಂದೇ ಸ್ಥಳದಲ್ಲಿ ಇರಿ. ಹೊರಡುವ ಮೊದಲು ಅಂಗಡಿಯ ಕೀಲಿಯನ್ನು ಮಗನಿಗೋ ಮಗಳಿಗೋ ಮನಃಪೂರ್ವಕವಾಗಿ ಒಪ್ಪಿಸಿರಿ. ಚಿಕಿತ್ಸೆ ಅಲ್ಲಿಂದಲೇ ಆರಂಭವಾಗುತ್ತದೆ.