ಮುಳ್ಳು ಹಿಂದಿಟ್ಟು ಕಲಿತ ಗಿಟಾರ್

ಅಮೆರಿಕದ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್ 1942ರ ಮಾರ್ಚಿನಲ್ಲಿ ಕ್ಷಯದಿಂದ ತೀರಿಕೊಂಡ. ಆಗ ಅವನಿಗೆ ಬರೀ 25 ವರ್ಷ. ಅದೇ 1942ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಜಾಜ್ ಗಿಟಾರ್ ವಾದಕ ಕಾರ್ಲ್ಟನ್ ಕಿಟ್ಟೊ ಮುಂದೆ ಬದುಕಿಡೀ ಆ ಮನುಷ್ಯನ ಜಾಡು ಹಿಡಿದೇ ನಡೆದರು. ಗುರು ಮುಂದೆ ಕೂತು ಪಾಠ ಹೇಳಿದ್ದಿಲ್ಲ, ಹೇಳುವಂತೆಯೂ ಇರಲಿಲ್ಲ. ಸಿಕ್ಕಿದ್ದು ಗ್ರಾಮಫೋನ್ ತಟ್ಟೆಗಳು ಮಾತ್ರ.

ಕ್ರಿಶ್ಚಿಯನ್‌ಗಿಂತ ಮೊದಲು ಜಾಜ್ ಮೇಳದಲ್ಲಿ ಗಿಟಾರಿನ ಪಾಡು ಹೇಳತೀರದು. ಕಹಳೆ, ಸ್ಯಾಕ್ಸೊಫೋನ್‌ಗಳ ಅಬ್ಬರದ ಹಿಂದೆ ಕೂತು ಲಯ ಹಾಕುವುದೇ ಅದರ ಕೆಲಸ. 1939ರಲ್ಲಿ ಬೆನ್ನಿ ಗುಡ್‌ಮನ್ ಮೇಳಕ್ಕೆ ಸೇರಿದ ಕ್ರಿಶ್ಚಿಯನ್, ವಿದ್ಯುತ್ ಗಿಟಾರ್ ಹಿಡಿದು ಸ್ಯಾಕ್ಸೊಫೋನಿನ ಹಾಗೆ ಉದ್ದುದ್ದದ ಸಾಲು ನುಡಿಸಿದ. ಆದರೆ ಆಗಿನ ತಟ್ಟೆಯ ಒಂದು ಮಗ್ಗುಲಿಗೆ ಮೂರು ನಿಮಿಷವಷ್ಟೇ ಹಿಡಿಯುತ್ತಿತ್ತು. ಅದರಲ್ಲಿ ಅವನ ಪಾಲಿಗೆ ಬರುತ್ತಿದ್ದುದು ಕೆಲವೇ ಸೆಕೆಂಡು. ಆ ಸೆಕೆಂಡುಗಳನ್ನು ಕೈಗೆ ತಂದುಕೊಳ್ಳಬೇಕಾದರೆ ಮುಳ್ಳನ್ನು ಎತ್ತಿ ಹಿಂದಿಟ್ಟು, ಕೇಳಿ, ತಂತಿಯ ಮೇಲೆ ಹುಡುಕಿ, ಮತ್ತೆ ಮುಳ್ಳು ಹಿಂದಿಡಬೇಕು. ಇಂಡಿಯಾನಾಪೊಲಿಸ್‌ನ ವೆಸ್ ಮಾಂಟ್ಗೊಮೆರಿ ಕಲಿತದ್ದೂ ಕ್ರಿಶ್ಚಿಯನ್‌ನ ತಟ್ಟೆಗಳಿಂದಲೇ. ಕಿಟ್ಟೊ ಕೂಡ ಅದೇ ಶಾಲೆಯವರು.

ಅವರು ಹಿಡಿದ ಶೈಲಿಯ ಹೆಸರು ಬೀಬಾಪ್. ರಾಯಚೂರಿನ ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಲ್ಲಿ ಖ್ಯಾಲ್ ಕೇಳಿದವರಿಗೆ ಇದರ ಅರ್ಧ ಕೂಡಲೇ ಅರ್ಥವಾದೀತು. ಮೊದಲು ಹಾಡಿನ ಮಟ್ಟು. ಆಮೇಲೆ ಅದರ ಆವರ್ತನ, ಸಾಮಾನ್ಯವಾಗಿ 32 ಬಾರ್ (ತಾಳದ ಖಂಡ), ತಿರುಗುತ್ತಲೇ ಇರುತ್ತದೆ. ಅದರ ಮೇಲೆ ವಾದಕ ಆ ಗಳಿಗೆಗೆ ಹೊಳೆದದ್ದನ್ನು ಕಟ್ಟುತ್ತಾ ಹೋಗುತ್ತಾನೆ. ಫಜೀತಿ ಇರುವುದು ಉಳಿದರ್ಧದಲ್ಲಿ. ನಮ್ಮಲ್ಲಿ ತಂಬೂರಿಯ ಷಡ್ಜ ಕದಲುವುದಿಲ್ಲ. ಬೀಬಾಪಿನಲ್ಲಿ ಒಂದೆರಡು ಬಾರ್‌ಗೊಮ್ಮೆ ಸ್ವರಮೇಳವೇ, ಅಂದರೆ ಕಾರ್ಡೇ ಬದಲಾಗುತ್ತದೆ, ಅದೂ ಓಟದ ಲಯದಲ್ಲಿ. ನಡೆಯುವಾಗ ಕಾಲ ಕೆಳಗಿನ ಚಾಪೆ ಎಳೆಯುತ್ತಿದ್ದಂತೆ. ಕುಣಿಯುವವರಿಗಿಂತ ಕೂತು ಕೇಳುವವರನ್ನು ಬೇಡುವ ಈ ಸಂಗೀತವನ್ನು ಹೊಟ್ಟೆಪಾಡಿಗೆ ಆರಿಸಿಕೊಳ್ಳುವುದು ಜಾಣರ ಲೆಕ್ಕಾಚಾರವಂತೂ ಅಲ್ಲ.

ಈ ಸಂಗೀತ ನಮ್ಮ ಕಡೆಗೆ ಪೂರ್ತಿ ದೂರದ್ದು ಎಂದೂ ಹೇಳಲಾಗದು. ಮುಂಬಯಿಯ ಹಳಿಯೂ ಮದ್ರಾಸಿನ ಹಳಿಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಮಟಮಾರಿ ದಾಟಿ ಗುಂತಕಲ್ಲಿಗೆ ಹೋಗುವ ಇದೇ ಮಾರ್ಗದಲ್ಲಿ ಎಂಜಿನ್ ಓಡಿಸಿದವರಲ್ಲಿ ಆಂಗ್ಲೋ-ಇಂಡಿಯನ್ನರೂ ಇದ್ದರು. ದೇಶದ ರೈಲ್ವೆ ಕಾಲೊನಿಗಳ ಇನ್‌ಸ್ಟಿಟ್ಯೂಟುಗಳಲ್ಲಿ, ಅಂದರೆ ನೌಕರರ ಕ್ಲಬ್ಬುಗಳಲ್ಲಿ, ಬ್ಯಾಂಡು ಕಟ್ಟಿ ಕುಣಿತ ನಡೆಸಿದವರು ಅವರೇ. ಕಿಟ್ಟೊ ಅದೇ ಸಮುದಾಯದಿಂದ ಬಂದವರು.

1973ರಲ್ಲಿ ಅವರು ಕಲ್ಕತ್ತೆಗೆ ಹೋದರು. ಪಾರ್ಕ್ ಸ್ಟ್ರೀಟಿನಲ್ಲಿ ಬ್ಲೂ ಫಾಕ್ಸ್, ಟ್ರಿಂಕಾಸ್, ಮುಲಾಂ ರೂಜ್, ಮೊಕಾಂಬೊ ಎಂದು ಸಾಲು ರೆಸ್ಟೊರೆಂಟುಗಳು. ಊಟದ ಜೊತೆಗೆ ಮೇಳ, ಗಾಯಕಿ. ಪ್ಯಾಮ್ ಕ್ರೇನ್ ಹಾಡಿಗೆ ಹೆಸರಾದ ಬೀದಿ ಅದು. ಆದರೆ ಕಿಟ್ಟೊ ಹೋಗುವ ಹೊತ್ತಿಗೆ ಹಬ್ಬ ಮುಗಿಯುತ್ತಾ ಬಂದಿತ್ತು. ಮನರಂಜನಾ ತೆರಿಗೆ, ಕರೆಂಟು ಕಡಿತ, ಊರು ಬಿಡುತ್ತಿದ್ದ ಆಂಗ್ಲೋ-ಇಂಡಿಯನ್ ಕುಟುಂಬಗಳು, ಎಲ್ಲ ಒಟ್ಟಿಗೆ ಬಡಿದವು. ಬ್ಲೂ ಫಾಕ್ಸಿನ ಪಿಯಾನೊ ವಾದಕ ಲೂಯಿ ಬ್ಯಾಂಕ್ಸ್‌ಗೆ ಆರ್. ಡಿ. ಬರ್ಮನ್ ಕರೆ ಬಂತು. ಅವರು ಮುಂಬಯಿಗೆ ಹೋಗಿ ಸಿನಿಮಾ, ಜಾಹೀರಾತು ಸಂಗೀತದಲ್ಲಿ ದೊಡ್ಡವರಾದರು. ಅದು ತಪ್ಪೇನಲ್ಲ, ಕಲಾವಿದನಿಗೂ ಮನೆ ಬಾಡಿಗೆ ಇರುತ್ತದೆ. ಕಿಟ್ಟೊ ಕದಲಲಿಲ್ಲ. ಗ್ರ್ಯಾಂಡ್ ಹೋಟೆಲಿನ ಚೌರಂಗಿ ಬಾರ್‌ನಲ್ಲಿ ನುಡಿಸುತ್ತಾ, ಹುಡುಗರಿಗೆ ಗಿಟಾರ್ ಹೇಳಿಕೊಡುತ್ತಾ ಬೀಬಾಪಿಗೇ ಅಂಟಿಕೊಂಡರು.

ತಟ್ಟೆಯಿಂದ ಕಲಿತ ಮನುಷ್ಯನ ತಟ್ಟೆಗಳೆಲ್ಲಿ? ಕಲ್ಕತ್ತೆಯ ದಂದಂನಲ್ಲಿ ಎಚ್‌ಎಂವಿ ಕಂಪನಿಯ ತಟ್ಟೆ ಕಾರ್ಖಾನೆಯೇ ಇತ್ತು. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅಮೆರಿಕದ ಪಿಯಾನೊ ವಾದಕ ಟೆಡ್ಡಿ ವೆದರ್‌ಫೋರ್ಡ್ ಅದೇ ಊರಿನಲ್ಲಿ ಕೊಲಂಬಿಯಾ ತಟ್ಟೆಗಳಿಗೆ ನುಡಿಸಿದ್ದ. 1945ರಲ್ಲಿ ಕಾಲರಾದಿಂದ ಸತ್ತದ್ದೂ ಅಲ್ಲೇ. ಆದರೆ ಕಿಟ್ಟೊ ಕಾಲಕ್ಕೆ ಭಾರತದ ರೆಕಾರ್ಡ್ ಮಾರುಕಟ್ಟೆಯೆಂದರೆ ಸಿನಿಮಾ ಹಾಡು. ಅವರ ಹೆಸರು ಉಳಿದದ್ದು ರೆಕಾರ್ಡುಗಳಿಗಿಂತ ಹೆಚ್ಚಾಗಿ ಹೋಟೆಲಿನ ರಾತ್ರಿಗಳಲ್ಲಿ, ಕೇಳಿದವರ ಬಾಯಲ್ಲಿ.

ಕ್ರಿಶ್ಚಿಯನ್ ವಿಷಯದಲ್ಲೂ ಹೀಗೇ ಆಗಬಹುದಿತ್ತು. ಜೆರ್ರಿ ನ್ಯೂಮನ್ ಎಂಬ ಕಾಲೇಜು ಹುಡುಗ 1941ರಲ್ಲಿ ತಟ್ಟೆ ಕೊರೆಯುವ ಯಂತ್ರ ಹೊತ್ತು ಹಾರ್ಲೆಮ್‌ನ ಮಿಂಟನ್ಸ್ ಕ್ಲಬ್ಬಿಗೆ ಹೋಗಿರದಿದ್ದರೆ, ಗುಡ್‌ಮನ್ ಮೇಳದ ತುಣುಕುಗಳಾಚೆ ಅವನು ಆವರ್ತನದ ಮೇಲೆ ಆವರ್ತನ ನುಡಿಸಿದ್ದು ಇಂದು ನಮಗೆ ಸಿಗುತ್ತಲೇ ಇರಲಿಲ್ಲ. ಕಿಟ್ಟೊಗೆ ಅಂಥ ನ್ಯೂಮನ್ ತಡವಾಗಿ ಸಿಕ್ಕರು: ಸುಶೀಲ್ ಕುರಿಯನ್. ಭಾರತದ ಜಾಜ್ ಕಥೆ ಹುಡುಕಿ ಹೊರಟ ಅವರ ಸಾಕ್ಷ್ಯಚಿತ್ರದ ಹೆಸರೇ ‘ಫೈಂಡಿಂಗ್ ಕಾರ್ಲ್ಟನ್’. ಲೂಯಿ ಬ್ಯಾಂಕ್ಸ್ ಕೂಡ ಅದರಲ್ಲಿದ್ದಾರೆ. ಊರು ಬಿಟ್ಟವರು, ಬಿಡದವರು ಇಬ್ಬರನ್ನೂ ಒಂದೇ ಕೂರಿಕೆಯಲ್ಲಿ ನೋಡಬಹುದು. ಚಿತ್ರ ಹೊರಬಂದ ಕೆಲ ವರ್ಷಗಳಲ್ಲೇ, 2016ರ ನವೆಂಬರಿನಲ್ಲಿ, ಕಿಟ್ಟೊ ಕೋಲ್ಕತ್ತದಲ್ಲಿ ತೀರಿಕೊಂಡರು.

ಅವರ ವಾದನಕ್ಕೆ ಹೊಸದಾಗಿ ಕಿವಿಗೊಡುವವರು ಮೊದಲು ಗುಡ್‌ಮನ್ ಮೇಳದ ‘ಸೋಲೊ ಫ್ಲೈಟ್’ ಕೇಳುವುದು ಒಳ್ಳೆಯದು. ಆಮೇಲೆ ಮಿಂಟನ್ಸ್‌ನ ‘ಸ್ವಿಂಗ್ ಟು ಬಾಪ್’, ಅದಾದ ಮೇಲೆ ಕುರಿಯನ್ ಚಿತ್ರ. ಬೆಂಗಳೂರಿನ ಹುಡುಗ ಯಾವ ಸಾಲಿಗಾಗಿ ಮುಳ್ಳು ಹಿಂದಿಟ್ಟಿರಬಹುದು ಎಂಬ ಅಂದಾಜು ಸಿಗುವುದು ಆ ಅನುಕ್ರಮದಲ್ಲಿ ಕೇಳಿದಾಗ.